ಅನ್ವಯವಿಲ್ಲದ ಅನ್ವಯಿಕ ವಿದ್ಯೆ: ಮಂಗಳೂರಿನ ನೆಲದಿಂದ ತಾಂತ್ರಿಕ ಪಠ್ಯಕ್ರಮಗಳ ವಿಮರ್ಶೆ

ನಮ್ಮ ಕಾಲೇಜುಗಳ ತಾಂತ್ರಿಕ ಪಠ್ಯಕ್ರಮಗಳನ್ನು ತೆರೆದು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವ ವಿಶೇಷಣ ‘ಅನ್ವಯಿಕ’ ಎಂಬುದು. ಅನ್ವಯಿಕ ಗಣಿತ, ಅನ್ವಯಿಕ ರಸಾಯನಶಾಸ್ತ್ರ, ಅನ್ವಯಿಕ ಯಂತ್ರಶಾಸ್ತ್ರ, ಅನ್ವಯಿಕ ತಂತ್ರವಿದ್ಯೆ—ಹೀಗೆ ಅದು ಎಷ್ಟೋ ವಿಷಯಗಳ ಹಣೆಯ ಮೇಲೆ ತಿಲಕದಂತೆ ನಿಂತಿದೆ. ಕನ್ನಡ ಉಪಾಧ್ಯಾಯನಿಗೆ ಈ ಶಬ್ದ ಹೊಸದಲ್ಲ. ಹಳಗನ್ನಡದ ಪದ್ಯವೊಂದನ್ನು ತರಗತಿಯಲ್ಲಿ ಎತ್ತಿಕೊಂಡಾಗ ನಾವು ಮೊದಲು ಮಾಡುವ ಕೆಲಸವೇ ಅನ್ವಯ. ಛಂದಸ್ಸಿನ ಅನುಕೂಲಕ್ಕಾಗಿ ಅಲ್ಲಲ್ಲಿ ಚೆದರಿ ನಿಂತ ಪದಗಳನ್ನು ಕರ್ತೃ, ಕರ್ಮ, ಕ್ರಿಯೆಗಳ ನಂಟಿನಲ್ಲಿ ಕೂಡಿಸಿದಲ್ಲದೆ ಪದ್ಯದ ಅರ್ಥ ಹೊರಡದು. ಪ್ರತಿಯೊಂದು ಪದದ ಅರ್ಥವೂ ಗೊತ್ತಿದ್ದು ಅನ್ವಯ ತಪ್ಪಿದ ವಿದ್ಯಾರ್ಥಿಯನ್ನು ನಾವೆಲ್ಲರೂ ಕಂಡಿದ್ದೇವೆ. ಅವನು ನಿಘಂಟನ್ನು ಬಲ್ಲ, ಪದ್ಯವನ್ನು ಅರಿಯ.

ಪದಗಳು ಕೂಡಿ ವಾಕ್ಯಾರ್ಥವಾಗಬೇಕಾದರೆ ಮೂರು ಅನುಕೂಲಗಳು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಅದರ ಉದಾಹರಣೆಗಳು ನೆನಪಿರಬಹುದು. ಹಸು, ಕುದುರೆ, ಮನುಷ್ಯ, ಆನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಅದು ವಾಕ್ಯವಲ್ಲ, ಒಂದು ಪದವು ಇನ್ನೊಂದನ್ನು ಬಯಸುವುದಿಲ್ಲವಾಗಿ. ಬೆಂಕಿಯಿಂದ ತೋಯಿಸಬೇಕು ಎಂದರೆ ವ್ಯಾಕರಣ ಸರಿಯಿದ್ದರೂ ಅರ್ಥ ನಿಲ್ಲದು, ಬೆಂಕಿಗೆ ತೋಯಿಸುವ ಯೋಗ್ಯತೆ ಇಲ್ಲವಾಗಿ. ‘ಹಸುವನ್ನು’ ಎಂದು ಈಗ ಹೇಳಿ ಒಂದು ಜಾವದ ಮೇಲೆ ‘ತಾ’ ಎಂದರೆ ಕೇಳಿದವನು ಏನನ್ನೂ ತರಲಾರ. ಅಲ್ಲಿ ಸನ್ನಿಧಿ ತಪ್ಪಿದೆ. ಈ ಮೂರು ಒರೆಗಲ್ಲುಗಳ ಮೇಲೆ ನಮ್ಮ ಪ್ರಾಂತದ ನಿರ್ಮಾಣ, ಉತ್ಪಾದನೆ, ಯೋಜನಾ ನಿರ್ವಹಣೆಗಳ ಪಠ್ಯಕ್ರಮವನ್ನು ಉಜ್ಜಿ ನೋಡುವುದು ಈ ಪ್ರಬಂಧದ ಉದ್ದೇಶ. ತಾಂತ್ರಿಕ ವಿದ್ಯೆಯಲ್ಲಿ ನನಗೆ ಪದವಿಯಿಲ್ಲ. ಆದುದರಿಂದ ಸೂತ್ರಗಳ ಸರಿತಪ್ಪನ್ನು ಕುರಿತು ಇಲ್ಲಿ ಏನನ್ನೂ ಹೇಳುವುದಿಲ್ಲ. ಪಠ್ಯಕ್ರಮವೂ ಒಂದು ಪಠ್ಯವೇ ಆದ್ದರಿಂದ ಅದನ್ನು ಪಠ್ಯವೆಂದು ಓದುವ ಅಧಿಕಾರ ನಮಗೂ ಉಂಟೆಂದು ಭಾವಿಸಿದ್ದೇನೆ.

ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕದ್ದು ಗ್ರಂಥಾಲಯದಲ್ಲಿ ಅಲ್ಲ. ಮಣ್ಣಗುಡ್ಡದಲ್ಲಿ, ನಾನು ಬಾಡಿಗೆಗಿರುವ ಹೆಂಚಿನ ಮನೆಯ ಅಂಗಳದಲ್ಲಿ. ಮಂಗಳೂರಿನ ಈ ಭಾಗವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಕುದ್ರೋಳಿ, ಉರ್ವ, ಬಲ್ಲಾಳಬಾಗುಗಳ ನಡುವೆ ಇರುವ ಹಳೆಯ ವಸತಿ ಇದು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೊಂದು ಜಗಲಿ ಇರುವ ಮನೆಗಳು ಇಲ್ಲಿ ಇನ್ನೂ ಕೆಲವು ಉಳಿದಿವೆ. ಅವುಗಳ ನಡುನಡುವೆ ಬಹುಮಹಡಿಯ ವಸತಿಗಳು ಎದ್ದಿವೆ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಮಾಡನ್ನು ಬಿಚ್ಚಿ ಮತ್ತೆ ಹೊದಿಸುವ ಕೆಲಸ ನಡೆಯಿತು. ಕೆಲಸಕ್ಕೆ ಬಂದ ಮೇಸ್ತ್ರಿಗೆ ಅರುವತ್ತು ದಾಟಿದೆ; ಶಾಲೆ ನಾಲ್ಕನೆಯ ತರಗತಿಗೆ ಮುಗಿದದ್ದು. ಆ ದಿನಗಳಲ್ಲಿ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಅವನು ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷದ ವಿದ್ಯಾರ್ಥಿ, ತರಗತಿಯಲ್ಲಿ ಮುಂದಿರುವವನು.

ಮೇಸ್ತ್ರಿ ಮಾಡಿನಿಂದ ಇಳಿಸಿದ ಹೆಂಚುಗಳನ್ನು ಒಂದೊಂದಾಗಿ ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ತಟ್ಟಿ, ಕೆಲವನ್ನು ಒಂದು ಕಡೆಗೂ ಕೆಲವನ್ನು ಇನ್ನೊಂದು ಕಡೆಗೂ ಇಡುತ್ತಿದ್ದ. ಒಡಕಿಲ್ಲದ, ಪಾಚಿಯೂ ಹತ್ತದ, ನೋಡಲು ಚೆನ್ನಾಗಿರುವ ಹೆಂಚೊಂದನ್ನು ಅವನು ಬೇಡದವುಗಳ ರಾಶಿಗೆ ಇಟ್ಟಾಗ ನಾನು ಕಾರಣ ಕೇಳಿದೆ. ‘ಇದಕ್ಕೆ ದನಿ ಇಲ್ಲ ಮಾಷ್ಟ್ರೆ, ಆಟಿಯಲ್ಲಿ ಅಳುತ್ತದೆ’ ಎಂದು ತುಳುವಿನಲ್ಲಿ ಹೇಳಿದ. ಆಟಿ ಎಂದರೆ ತುಳುವರ ಸೋರುವ ತಿಂಗಳು. ಹುಡುಗನಿಗೆ ಅದು ಮುದುಕನ ನಂಬಿಕೆಯ ಮಾತಾಗಿ ತೋರಿತು, ನಕ್ಕ. ಆ ರಾತ್ರಿ ಊಟವಾದ ಮೇಲೆ ತನ್ನ ಹಳೆಯ ಟಿಪ್ಪಣಿ ಪುಸ್ತಕವೊಂದನ್ನು ಎತ್ತಿಕೊಂಡು ಬಂದ. ‘ಮಾವ, ಇದನ್ನು ನಾನು ಬರೆದಿದ್ದೇನೆ’ ಎಂದ. ಕಟ್ಟಡ ಸಾಮಗ್ರಿಗಳ ಪ್ರಕರಣದಲ್ಲಿ ಇಟ್ಟಿಗೆಯ ಸ್ಥಳಪರೀಕ್ಷೆಗಳ ಕೆಳಗೆ ಅದು ಇತ್ತು: ಚೆನ್ನಾಗಿ ಬೆಂದ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಲೋಹದಂತಹ ಸ್ಪಷ್ಟವಾದ ನಾದ ಹೊರಡಬೇಕು. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ. ಎರಡೂ ಅವನಿಗೆ ದೊರೆತಿದ್ದವು. ಬೆಂದ ಮಣ್ಣಿನೊಳಗೆ ಬಿರುಕಿದ್ದರೆ, ಅಥವಾ ಅದು ಹಸಿಯಾಗಿ ಉಳಿದಿದ್ದರೆ, ಕಂಪನ ತಡೆದು ನಾದ ಮೊಂಡಾಗುತ್ತದೆ ಎಂಬ ಕಾರಣವನ್ನೂ ಅವನು ಬಲ್ಲ. ಅದೇ ಪರೀಕ್ಷೆ ತನ್ನ ಕಣ್ಣೆದುರಿಗೆ, ಹತ್ತು ಮೊಳ ದೂರದಲ್ಲಿ, ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿದ್ದಾಗ ಅವನಿಗೆ ಅದು ಗುರುತು ಹತ್ತಲಿಲ್ಲ.

ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ಅವನ ಜಾಣತನಕ್ಕೆ ಮರುದಿನವೇ ಸಾಕ್ಷಿ ದೊರೆಯಿತು. ಮನೆಯ ಒಡೆಯರು ಅಟ್ಟದ ಒಂದು ತೊಲೆಯ ಮೇಲೆ ೫೦೦ ಲೀಟರಿನ ನೀರಿನ ತೊಟ್ಟಿ ಇಡಿಸಬೇಕೆಂದಿದ್ದರು. ಬೇರೆ ಮನೆಗಳಲ್ಲಿಯೂ ಹಾಗೆ ಇಟ್ಟಿದ್ದಾರೆಂದು ಮೇಸ್ತ್ರಿ ಒಪ್ಪಿದ್ದ. ಹುಡುಗ ತೊಲೆಯ ಅಗಲ ದಪ್ಪಗಳನ್ನು ಅಳೆದು, ಗೋಡೆಯಿಂದ ಗೋಡೆಗೆ ಇರುವ ದೂರವನ್ನು ಹಿಡಿದು, ನೀರೊಂದರದೇ ಭಾರ ೫೦೦ ಕಿಲೋಗ್ರಾಮು ಆಗುವುದೆಂದು ತೋರಿಸಿ, ಆ ಹಳೆಯ ಮರ ಅದನ್ನು ಹೊರಲಾರದೆಂದು ಕಾಗದದ ಮೇಲೆ ಲೆಕ್ಕ ಮಾಡಿ ಹೇಳಿದ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತೊಲೆಯ ನಡುವನ್ನು ಕೆಳಗಿನಿಂದ ಕಣ್ಣಳತೆಯಲ್ಲಿ ನೋಡಿ, ‘ಹುಡುಗ ಹೇಳುವುದು ಸರಿ’ ಎಂದು ಒಪ್ಪಿಕೊಂಡ. ಕಾಲೇಜಿನ ವಿದ್ಯೆ ವ್ಯರ್ಥವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಗಬಹುದು. ರೂಢಿಯ ಕಣ್ಣಿಗೆ ಕಾಣದ ಅಪಾಯವನ್ನು ಶಾಸ್ತ್ರ ಕಂಡಿತು. ಆದರೆ ಶಾಸ್ತ್ರವನ್ನು ಓದಿದವನಿಗೆ ತಾನು ಓದಿದ್ದೇ ಬೇರೊಬ್ಬನ ಕೈಯಲ್ಲಿ ಕಾಣದೆ ಹೋದದ್ದೇಕೆ? ಪ್ರಶ್ನೆ ಅದು.

ಉತ್ತರವನ್ನು ಪಠ್ಯಕ್ರಮದ ರಚನೆಯಲ್ಲಿಯೇ ಹುಡುಕಬೇಕು. ನಾಲ್ಕು ವರ್ಷದ ಪದವಿಯಲ್ಲಿ ಕಮ್ಮಟದ ಕೆಲಸ ಮೊದಲ ವರ್ಷಕ್ಕೆ ಮುಗಿಯುತ್ತದೆ. ಸಾಮಗ್ರಿಗಳ ಶಾಸ್ತ್ರ ಎರಡನೆಯ ವರ್ಷಕ್ಕೆ, ನಿರ್ಮಾಣ ನಿರ್ವಹಣೆ ಮೂರನೆಯದಕ್ಕೆ ಬರುತ್ತವೆ; ಈಚೆಗೆ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ ಎಂಬ ಕ್ಷೇತ್ರತರಬೇತಿಯ ಮುಖ್ಯ ಭಾಗ ಕೊನೆಗೆ. ‘ಹಸುವನ್ನು’ ಎಂಬ ಪದ ಮೊದಲ ವರ್ಷದಲ್ಲಿ, ‘ತಾ’ ಎಂಬುದು ನಾಲ್ಕನೆಯದರಲ್ಲಿ. ನಡುವಿನ ಜಾವಗಳಲ್ಲಿ ಪ್ರತಿ ಅರ್ಧವರ್ಷಕ್ಕೊಮ್ಮೆ ಪರೀಕ್ಷೆ ನಡೆದು, ಕಲಿತದ್ದಕ್ಕೆ ಅಂಕ ಬಿದ್ದು, ಆ ಖಾತೆ ಮುಚ್ಚಿಹೋಗುತ್ತದೆ. ಕ್ಷೇತ್ರತರಬೇತಿಯಲ್ಲಿಯೂ ಬೆಲೆ ಕಟ್ಟಲ್ಪಡುವುದು ಮುಖ್ಯವಾಗಿ ವಿದ್ಯಾರ್ಥಿ ಬರೆದೊಪ್ಪಿಸುವ ವರದಿ. ಅವನು ಕಟ್ಟಡದ ನೆಲದ ಮೇಲೆ ಯಾರ ಹತ್ತಿರ ನಿಂತ, ಏನನ್ನು ಮುಟ್ಟಿದ, ಯಾವುದನ್ನು ಕೆಡಿಸಿ ಮತ್ತೆ ಮಾಡಿದ ಎಂಬುದಕ್ಕೆ ಅಂಕದ ಪಟ್ಟಿಯಲ್ಲಿ ಜಾಗ ಕಡಿಮೆ. ಒಂದೊಂದು ಪತ್ರಿಕೆಯೂ ತನ್ನಷ್ಟಕ್ಕೆ ಶುದ್ಧವಾಗಿದ್ದು ಇನ್ನೊಂದನ್ನು ಬಯಸದೆ ನಿಂತಿದೆ. ಇದು ಆಕಾಂಕ್ಷೆಯ ಮಾತು. ಅನುಭವಸ್ಥ ಉಪಾಧ್ಯಾಯರು ಬಲ್ಲದ್ದೇ ಆದ್ದರಿಂದ ಅದನ್ನು ಬೆಳೆಸುವುದಿಲ್ಲ.

ಈ ವಿಚ್ಛೇದ ಯಾವಾಗಲೂ ಹೀಗೆಯೇ ಇತ್ತೇ? ಮಂಗಳೂರಿನಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಬಾಸೆಲ್ ಮಿಶನ್ನಿನ ಕಾರ್ಖಾನೆಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೮೩೪ರಲ್ಲಿ ಇಲ್ಲಿಗೆ ಬಂದ ಆ ಸಂಸ್ಥೆ ೧೮೪೧ರಲ್ಲಿ ಮುದ್ರಣಾಲಯವನ್ನು ಹೂಡಿತು. ಮುಂದೆ ನೇಯ್ಗೆಯನ್ನು ನಡೆಸಿತು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಣ್ಣಗುಡ್ಡದ ನೆರೆಯ ಕುದ್ರೋಳಿಯಲ್ಲಿಯೂ ಅವರ ಕಾರ್ಖಾನೆಯೊಂದು ಆಮೇಲೆ ನಡೆಯಿತು. ಹೆಂಚಿನ ಕೆಲಸಕ್ಕೆ ಮೊದಲು ಕೈಹಾಕಿದ ಗೆಯೋರ್ಗ್ ಪ್ಲೆಬ್ಸ್ಟ್ ವೃತ್ತಿಯಿಂದ ಕುಂಬಾರನಲ್ಲ, ಮುದ್ರಣಾಲಯಕ್ಕೆ ಸೇರಿದವನು. ಯುರೋಪಿನಲ್ಲಿ ಒಂದಕ್ಕೊಂದು ಕಚ್ಚಿ ಕೂರುವ ಹೆಂಚನ್ನು ಅಲ್ಸಾಸಿನ ಗಿಲಾರ್ದೋನಿ ಸಹೋದರರು ೧೮೪೧ರಷ್ಟು ಹಿಂದೆಯೇ ಕಂಡುಹಿಡಿದಿದ್ದರು. ಆದ್ದರಿಂದ ಮಂಗಳೂರು ಹೆಂಚು ಆಕಾರದಲ್ಲಿ ನಮ್ಮ ನೆಲದ ಕಲ್ಪನೆಯಲ್ಲ. ನಮ್ಮ ನೆಲದ್ದು ಅದರ ಅನ್ವಯ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಎಷ್ಟು ಕಾಲ ಮಾಗಬೇಕು, ಒಣಗುವಾಗ ಎಷ್ಟು ಕುಗ್ಗುತ್ತದೆ, ಈ ಕರಾವಳಿಯ ತೇವದ ಗಾಳಿಯಲ್ಲಿ ನೆರಳಿನ ಅಟ್ಟಣೆಯ ಮೇಲೆ ಎಷ್ಟು ದಿನ ಇಡಬೇಕು, ಆವಿಗೆಯಲ್ಲಿ ಬೆಂಕಿಯನ್ನು ಯಾವ ವೇಗದಲ್ಲಿ ಏರಿಸಿದರೆ ಬಿರಿಯುವುದಿಲ್ಲ—ಇವು ಯಾವ ಯುರೋಪಿನ ಪುಸ್ತಕದಿಂದಲೂ ಸಿದ್ಧವಾಗಿ ಸಿಗುವಂತಹವಲ್ಲ. ಮಣ್ಣು ಹೊತ್ತು ತಂದವನ, ತುಳಿದು ಹದಮಾಡಿದವನ, ಬೆಂಕಿಯ ಬಣ್ಣ ನೋಡಿದವನ ಅರಿವು ಅದರೊಳಗೆ ಸೇರಿಯೇ ಸೇರಿತು. ೧೮೬೮ರಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದವರ ಕಾರ್ಖಾನೆ ಆರಂಭವಾಯಿತು. ಮೂರೇ ವರ್ಷಗಳಲ್ಲಿ ವಿದ್ಯೆ ಮಿಶನ್ನಿನ ಆವರಣವನ್ನು ದಾಟಿತ್ತೆಂಬುದಕ್ಕೆ ಇದೇ ಪ್ರಮಾಣ.

ಉತ್ಪಾದನಾಶಾಸ್ತ್ರದ ವಿದ್ಯಾರ್ಥಿಗಳಿಗೆ ಬದಲಿಸಬಹುದಾದ ಭಾಗಗಳ ತತ್ತ್ವವನ್ನು ಬಂದೂಕು, ಮೋಟಾರು ಕಾರುಗಳ ಉದಾಹರಣೆಯಿಂದ ಕಲಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಒಂದೇ ಅಚ್ಚಿನಿಂದ ಹೊರಟು, ಯಾವ ಹೆಂಚನ್ನು ಯಾವ ಹೆಂಚಿನ ಪಕ್ಕದಲ್ಲಿ ಇಟ್ಟರೂ ಕಚ್ಚಿ ಕೂರುವ, ಜೆಪ್ಪುವಿನಲ್ಲಿ ಒತ್ತಿದ್ದು ಹಡಗಿನಲ್ಲಿ ಹೋಗಿ ಮುಂಬಯಿಯ ಮಾಡಿನ ಮೇಲೆ ಹೊಂದಿಕೊಳ್ಳುವ ವಸ್ತು ಕಾಲೇಜಿನ ಛಾವಣಿಯ ಮೇಲೆಯೇ ಇರುವಾಗ ಅದನ್ನು ಎತ್ತಿ ತೋರಿಸುವುದಕ್ಕೆ ಏಣಿಯೊಂದು ಸಾಕು. ಪಠ್ಯಪುಸ್ತಕಗಳಲ್ಲಿ ಮಂಗಳೂರು ಹೆಂಚಿನ ಹೆಸರು ಬರುವುದಿದ್ದರೆ ಛಾವಣಿಗಳ ಪ್ರಕರಣದಲ್ಲಿ, ಒಂದು ಚಿತ್ರದ ಕೆಳಗೆ. ಉತ್ಪಾದನೆಯ ಪ್ರಕರಣದಲ್ಲಿ ಅಲ್ಲ. ರಾಷ್ಟ್ರದ ಮಾನಕಗಳಲ್ಲಿ ಐ.ಎಸ್. ೬೫೪ ಎಂಬುದು ‘ಮಂಗಳೂರು ಮಾದರಿ’ಯ ಜೇಡಿಹೆಂಚಿನದೇ. ನೀರು ಹೀರುವಿಕೆ, ನೀರು ಸೋರಿಕೆ, ಮುರಿಯುವ ಭಾರ ಇವುಗಳ ಪರೀಕ್ಷೆ ಅದರಲ್ಲಿ ವಿಧಿಸಲ್ಪಟ್ಟಿದೆ. ಊರಿನ ಹೆಸರು ರಾಷ್ಟ್ರದ ಮಾನಕಕ್ಕೆ ಏರಿದೆ. ಊರಿನ ವಿದ್ಯಾರ್ಥಿ ಆ ಸಂಖ್ಯೆಯನ್ನು ಬಲ್ಲನೇ ಎಂಬುದನ್ನು ಉಪಾಧ್ಯಾಯ ಮಿತ್ರರು ತಮ್ಮ ತಮ್ಮ ತರಗತಿಯಲ್ಲಿ ಕೇಳಿ ನೋಡಬಹುದು.

ಹೀಗೆಂದ ಮಾತ್ರಕ್ಕೆ ಆ ಹಳೆಯ ಕಾರ್ಖಾನೆ ಆದರ್ಶ ವಿದ್ಯಾಲಯವಾಗಿತ್ತೆಂದು ಹೇಳುವುದು ಸರಿಯಾಗದು. ಈಚೆಗೆ ಅಂತಹ ಗುಣಗಾನ ಹೆಚ್ಚುತ್ತಿದೆ. ಮತಾಂತರವಾಗಿ ಬಂಧುಬಳಗವನ್ನೂ ಕುಲಕಸಬನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದು ಅದರ ಮೊದಲ ಉದ್ದೇಶ. ಗಂಟೆಯ ಶಿಸ್ತು ಬಿಗಿಯಾಗಿತ್ತು. ನಕ್ಷೆ ಬರೆಯುವ, ಲೆಕ್ಕ ಇಡುವ, ಯಂತ್ರ ತರಿಸುವ ಅಧಿಕಾರ ಯುರೋಪಿನವರ ಕೈಯಲ್ಲಿತ್ತು. ಮಣ್ಣು ಒತ್ತುವ ಕೈ ಇಲ್ಲಿಯವರದು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಆ ಉದ್ಯಮಗಳನ್ನು ಸರಕಾರ ವಶಪಡಿಸಿಕೊಂಡು ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದಾಗಲೂ ಈ ವಿಭಾಗ ಬದಲಾಗಲಿಲ್ಲ. ಬರೆಯುವವನು ಬೇರೆ, ಮಾಡುವವನು ಬೇರೆ ಎಂಬ ಒಡಕು ಕಾಲೇಜಿನಲ್ಲಿ ಹುಟ್ಟಿದ್ದಲ್ಲ, ಕಾರ್ಖಾನೆಯಲ್ಲಿಯೂ ಇತ್ತು. ವ್ಯತ್ಯಾಸವಿಷ್ಟೆ: ಅಲ್ಲಿ ಇಬ್ಬರೂ ಒಂದೇ ಛಾವಣಿಯ ಕೆಳಗೆ ಇದ್ದರು. ಹೆಂಚು ಬಿರಿದರೆ ಇಬ್ಬರಿಗೂ ಅದೇ ದಿನ ತಿಳಿಯುತ್ತಿತ್ತು. ಸನ್ನಿಧಿಯೆಂದರೆ ಅದೇ.

ಕಾಲೇಜುಗಳು ತಂದ ಲಾಭವನ್ನೂ ಒಪ್ಪಬೇಕು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಡಳಿತದಲ್ಲಿದ್ದಾಗಲೇ, ೧೯೪೬ರಲ್ಲಿ, ಮಂಗಳೂರಿನಲ್ಲಿ ಪಾಲಿಟೆಕ್ನಿಕ್ ಸ್ಥಾಪನೆಯಾಯಿತು; ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್ ಅದೇ. ೧೯೫೭ರಲ್ಲಿ ಮಣಿಪಾಲದಲ್ಲಿಯೂ, ೧೯೬೦ರಲ್ಲಿ ಸುರತ್ಕಲ್ಲಿನಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಾದವು. ಇವುಗಳಲ್ಲಿ ಎರಡನೆಯದಕ್ಕೆ ಉಳ್ಳಾಲ ಶ್ರೀನಿವಾಸ ಮಲ್ಯರ ಶ್ರಮ ಎಲ್ಲರಿಗೂ ತಿಳಿದದ್ದು; ೨೦೦೨ರಿಂದ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಕುಲದ ಕಸಬಿಗೆ ಹುಟ್ಟದವನೂ, ಯಾವ ಮಿಶನ್ನಿಗೂ ಸೇರದವನೂ, ಹೆಣ್ಣುಮಕ್ಕಳೂ ಅಂಕಗಳ ಬಲದಿಂದ ಈ ವಿದ್ಯೆಗೆ ಪ್ರವೇಶ ಪಡೆಯಬಹುದಾದದ್ದು ಸಾಮಾನ್ಯ ಸಂಗತಿಯಲ್ಲ. ಪಣಂಬೂರಿನ ಬಂದರು, ಹೆದ್ದಾರಿಗಳು, ಸೇತುವೆಗಳು ಮೇಸ್ತ್ರಿಯ ಕಣ್ಣಳತೆಯಿಂದ ಆಗತಕ್ಕವಲ್ಲ. ಸುರತ್ಕಲ್ಲಿನಲ್ಲಿ ಈಗ ನಿರ್ಮಾಣ ತಂತ್ರವಿದ್ಯೆ ಮತ್ತು ನಿರ್ವಹಣೆಗೇ ಮೀಸಲಾದ ಸ್ನಾತಕೋತ್ತರ ಪದವಿಯಿದೆ. ನನ್ನ ಆಕ್ಷೇಪವಿರುವುದು ಈ ವಿದ್ಯೆಯ ವಿಸ್ತಾರವನ್ನು ಕುರಿತಲ್ಲ. ಅದು ಯಾವ ನೆಲಕ್ಕೂ ಸೇರದಂತೆ ಬರೆಯಲ್ಪಟ್ಟಿರುವುದನ್ನು ಕುರಿತು.

ಯೋಗ್ಯತೆಯ ಪ್ರಶ್ನೆ ಏಳುವುದು ಇಲ್ಲಿಯೇ. ಮಣ್ಣಗುಡ್ಡದ ಯಾವುದಾದರೊಂದು ಎತ್ತರದ ಕಟ್ಟಡದ ಮೇಲೆ ನಿಂತು ಸುತ್ತ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಾಂಕ್ರೀಟಿನ ಸಮತಟ್ಟಾದ ತಾರಸಿಗಳು, ಮತ್ತು ಆ ತಾರಸಿಗಳಲ್ಲಿ ಎಷ್ಟೋ ಪಾಲಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಇಳಿಜಾರಾದ ತಗಡಿನ ಮಾಡು. ಒಂದು ಮನೆಗೆ ಎರಡು ಛಾವಣಿ! ಮೊದಲನೆಯದನ್ನು ಇಂಜಿನಿಯರು ನಕ್ಷೆಯಲ್ಲಿ ಬರೆದ. ಎರಡನೆಯದನ್ನು ಮಳೆ ಬರೆಸಿತು. ವರ್ಷಕ್ಕೆ ೩೫೦೦ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ ಒಂದೇ ಸಮನೆ ಸುರಿಯುವ ಊರಿನಲ್ಲಿ ನೀರನ್ನು ಕೂಡಲೆ ಇಳಿಸಿಬಿಡದೆ ಮೇಲೆ ನಿಲ್ಲಗೊಡುವ ಛಾವಣಿ, ಬೆಂಕಿಯಿಂದ ತೋಯಿಸುವ ವಾಕ್ಯದ ಹತ್ತಿರದ ಸಂಬಂಧಿ. ಲೆಕ್ಕದಲ್ಲಿ ತಪ್ಪಿಲ್ಲ, ತಾರಸಿ ಭಾರವನ್ನು ಹೊತ್ತಿದೆ. ಪದಕ್ಕೆ ಪದ ಶುದ್ಧವಾಗಿದ್ದು ವಾಕ್ಯ ನಿಲ್ಲದೆ ಹೋಗಿದೆ. ಜಲನಿರೋಧಕ ಲೇಪನಗಳಿವೆ, ಸರಿಯಾಗಿ ಮಾಡಿದ ತಾರಸಿ ಸೋರದು ಎಂದು ತಜ್ಞರು ಹೇಳಬಹುದು. ಒಪ್ಪೋಣ. ಹಾಗಾದರೆ ಈ ತಗಡುಗಳೇಕೆ? ಯಾವ ಪಠ್ಯಕ್ರಮವೂ ಇವನ್ನು ವಿಧಿಸಲಿಲ್ಲ. ಮನೆಯೊಡೆಯರು ತಮ್ಮ ಖರ್ಚಿನಿಂದ ಹಾಕಿಸಿಕೊಂಡ ತಿದ್ದುಪಡಿಗಳಿವು. ಈ ಊರಿನ ವಿದ್ಯಾರ್ಥಿಗಳಿಗೆ ಅಳೆಯಲು, ಎಣಿಸಲು, ಕಾರಣ ಹುಡುಕಲು ಇದಕ್ಕಿಂತ ಒಳ್ಳೆಯ ಪ್ರಬಂಧವಿಷಯ ಬೇರೆ ಬೇಕೇ?

ಗೋಡೆಯ ಮಾತೂ ಹಾಗೆಯೇ. ೧೮೦೦ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ಲ್ಯಾಟಿನಿನ ಇಟ್ಟಿಗೆಯ ಹೆಸರಿನಿಂದ ಕರೆದ ಕಲ್ಲು ನಮ್ಮ ಮುರಕಲ್ಲು, ಉತ್ತರದವರ ಜಂಬಿಟ್ಟಿಗೆ. ಅಗೆಯುವಾಗ ಮೃದು, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ ಎಂಬ ಅದರ ಗುಣವನ್ನು ಅವನು ಗುರುತಿಸಿದ್ದ. ಕಲ್ಲು ಕಡಿಯುವವರು ಅದನ್ನು ಅವನಿಗಿಂತ ಮೊದಲೇ ಬಲ್ಲರು. ಐ.ಎಸ್. ೩೬೨೦ ಎಂಬ ಮಾನಕ ಅದಕ್ಕೂ ಇದೆ. ಆದರೂ ಶಿಲಾವರ್ಗೀಕರಣದ ಪಾಠದಲ್ಲಿ ಕಪ್ಪುಕಲ್ಲಿಗೆ ಪುಟಗಳು, ಇದಕ್ಕೆ ಒಂದು ಸಾಲು.

ಇನ್ನು ಯೋಜನಾ ನಿರ್ವಹಣೆ. ಈ ಪತ್ರಿಕೆಯ ಬೆನ್ನೆಲುಬು ಎರಡು ಜಾಲವಿಧಾನಗಳು. ಒಂದು ೧೯೫೭ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪೆನಿ ತನ್ನ ಕಾರ್ಖಾನೆಗಳಿಗಾಗಿ ರೆಮಿಂಗ್ಟನ್ ರಾಂಡಿನವರೊಡನೆ ಕೂಡಿ ರೂಪಿಸಿದ ನಿರ್ಣಾಯಕ ಪಥದ ವಿಧಾನ; ಇನ್ನೊಂದು ೧೯೫೮ರಲ್ಲಿ ಆ ದೇಶದ ನೌಕಾದಳ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ‘ಪರ್ಟ್’. ಇವೆರಡೂ ಬುದ್ಧಿವಂತಿಕೆಯ ಸಾಧನಗಳೆಂಬುದರಲ್ಲಿ ಸಂದೇಹವಿಲ್ಲ. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುವುದೋ ಅದನ್ನು ಮೊದಲೇ ಗುರುತಿಸುವುದು ಅವುಗಳ ಸಾರ. ಆದರೆ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಕೆಲಸಗಳಿಗೆ ಹೆಸರಿರುವುದಿಲ್ಲ. ಅ, ಆ, ಇ ಎಂಬ ಅಕ್ಷರಗಳು. ಪಕ್ಕದಲ್ಲಿ ದಿನಗಳ ಸಂಖ್ಯೆ. ಆರಂಭದ ದಿನ ಸೊನ್ನೆ. ಮಂಗಳೂರಿನ ಯಾವ ಮೇಸ್ತ್ರಿಯೂ ಸೊನ್ನೆಯಿಂದ ಎಣಿಸುವುದಿಲ್ಲ. ಪತ್ತನಾಜೆಯಿಂದ ಹಿಂದಕ್ಕೆ ಎಣಿಸುತ್ತಾನೆ. ಪತ್ತನಾಜೆ ತುಳುವರ ಬೇಶ್ಯ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಯ ವಾರದಲ್ಲಿ ಬೀಳುತ್ತದೆ. ಭೂತಕೋಲಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗೆ ದಾರಿ ತೆರವಾಗುತ್ತದೆ. ಅದಕ್ಕೆ ಮೊದಲು ಮಾಡು ಮುಚ್ಚಬೇಕು. ಮಾಡು ಮುಚ್ಚಬೇಕಾದರೆ ಪಕ್ಕಾಸು ರೀಪುಗಳು ಆಗಿರಬೇಕು, ಅದಕ್ಕೆ ಗೋಡೆ ಒಣಗಿರಬೇಕು, ಅದಕ್ಕೆ ಕಡಿದ ಕಲ್ಲು ಗಾಳಿ ಕುಡಿದಿರಬೇಕು. ಬಾವಿಯನ್ನು ನೀರು ತೀರ ಕೆಳಗಿಳಿದಾಗಲೇ ತೋಡಬೇಕು. ಎಷ್ಟು ಕೋಲು ಎಂಬುದು ಆಗಲೇ ಗೊತ್ತಾಗುವುದು. ಹೆಂಚಿನ ಕಾರ್ಖಾನೆಯವರು ಮಣ್ಣನ್ನು ಬೇಸಗೆಯಲ್ಲಿಯೇ ಕೂಡಿಟ್ಟುಕೊಳ್ಳಬೇಕು. ನಿರ್ಣಾಯಕ ಪಥವೆಂದರೆ ಇದಲ್ಲದೆ ಮತ್ತೇನು? ಮೇಸ್ತ್ರಿಗೆ ಅದು ಬಾಯಿಪಾಠ. ಆದರೆ ಎರಡು ಮನೆಗಳ ಕೆಲಸ ಒಮ್ಮೆಗೆ ಬಂದಾಗ, ಸಾಮಗ್ರಿ ತಡವಾದಾಗ, ಅವನ ಎಣಿಕೆ ತಪ್ಪಿ ಮನೆಯೊಡೆಯ ನೆನೆಯುತ್ತಾನೆ. ಅಂತಹ ಕಡೆ ಜಾಲವಿಧಾನ ಅವನಿಗೆ ಉಪಕಾರ ಮಾಡೀತು. ವಿದ್ಯಾರ್ಥಿಗೆ ವಿಧಾನ ಗೊತ್ತು, ಪತ್ತನಾಜೆ ಗೊತ್ತಿಲ್ಲ. ಇಬ್ಬರ ನಡುವೆ ಅನ್ವಯ ಮಾಡಿಸುವವರು ಯಾರು?

ಇದಕ್ಕೆ ಉತ್ತರ ಹೇಳುವಾಗ ಕನ್ನಡ ವಿಭಾಗದವರಾದ ನಾವು ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕಾಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಪಠ್ಯಕ್ರಮದಲ್ಲಿ ಎಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಕನ್ನಡದ ಒಂದು ಪತ್ರಿಕೆ ಉಂಟು. ಭಾಷೆ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಲ್ಲದವರಿಗೆ ‘ಬಳಕೆ ಕನ್ನಡ’. ಮೊದಲನೆಯದರಲ್ಲಿ ವಚನ, ಕೀರ್ತನೆ, ಹೊಸಗನ್ನಡದ ಕವಿತೆ ಇವೆ. ವಿಶ್ವೇಶ್ವರಯ್ಯನವರನ್ನು ಕುರಿತ ಲೇಖನವಿದೆ. ಕರಕುಶಲ ಕಲೆಗಳನ್ನು ಕುರಿತ ಲೇಖನವೊಂದನ್ನು ಸೇರಿಸಿದ ಸಂಪಾದಕರ ವಿವೇಕವನ್ನು ಮೆಚ್ಚಬೇಕು. ಎರಡನೆಯದು ಸಂಭಾಷಣೆಯ ಕೈಪಿಡಿ. ಎರಡೂ ತಮ್ಮಷ್ಟಕ್ಕೆ ಒಳ್ಳೆಯವು. ಆದರೆ ಕಟ್ಟಡದ ನೆಲದ ಮೇಲೆ ಇಳಿದ ಹೊಸ ಇಂಜಿನಿಯರನಿಗೆ ಬೇಕಾದ ಕನ್ನಡ ಈ ಎರಡರ ನಡುವೆ ಎಲ್ಲೋ ಬಿದ್ದುಹೋಗಿದೆ. ಪಕ್ಕಾಸು, ರೀಪು, ಸಾರುವೆ, ಮೂಲೆಮಟ್ಟ, ರಸಮಟ್ಟ—ಇವು ಸಾಂಸ್ಕೃತಿಕವೂ ಅಲ್ಲ, ಬಳಕೆಯವೂ ಅಲ್ಲ ಎಂದು ಯಾರಾದರೂ ಹೇಳಬಲ್ಲರೇ? ಗಾಜಿನ ನಳಿಗೆಯ ದ್ರವದಲ್ಲಿ ಗುಳ್ಳೆ ನಡುವಿಗೆ ಬಂದಾಗ ಮಟ್ಟ ಸರಿಯಾಗಿದೆಯೆಂದು ತೋರಿಸುವ ಉಪಕರಣಕ್ಕೆ ‘ರಸಮಟ್ಟ’ ಎಂದು ಹೆಸರಿಟ್ಟವನು ಯಾರೋ ಬಲ್ಲವರಿಲ್ಲ. ಪಾರಿಭಾಷಿಕ ಪದಗಳಿಗಾಗಿ ಸಮಿತಿ ಕೂಡಿಸುವ ನಾವು ಆ ಹೆಸರಿನ ಮುಂದೆ ಸ್ವಲ್ಪ ಹೊತ್ತು ತಲೆಬಾಗಿ ನಿಲ್ಲಬಹುದು.

ಈ ಕೆಲಸಕ್ಕೆ ಮೇಲ್ಪಂಕ್ತಿಯಿಲ್ಲದಿಲ್ಲ. ಆಂಧ್ರದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಊರೂರಿನ ರೈತರ ಬಾಯಿಂದ ಪದ ಸಂಗ್ರಹಿಸಿ ವೃತ್ತಿಪದಕೋಶದ ಕೃಷಿಸಂಪುಟವನ್ನು ೧೯೬೨ರಲ್ಲಿಯೇ ಹೊರತಂದರು. ನೇಯ್ಗೆಯ ಸಂಪುಟ ಆಮೇಲೆ ಬಂತು. ನಮ್ಮ ಮಗ್ಗುಲಲ್ಲಿಯೇ ಉಡುಪಿಯಲ್ಲಿ ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು ಕಸಬುದಾರರ ಮಾತನ್ನು ಕಡೆಗಣಿಸಲಿಲ್ಲ. ಇದೇ ಜಿಲ್ಲೆಯ ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಆದುದರಿಂದ ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಅದು ನಮ್ಮ ಕಪಾಟಿನಲ್ಲಿದೆ, ಅವರ ತರಗತಿಯಲ್ಲಿಲ್ಲ. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅವಕಾಶವಿತ್ತು, ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಪುಸ್ತಕಗಳನ್ನು ಅನುವಾದ ಮಾಡಿಸತೊಡಗಿತು. ಸಂತೋಷದ ಸಂಗತಿ. ಆದರೆ ಇಂಗ್ಲಿಷಿನ ಪಠ್ಯವನ್ನು ಸಂಸ್ಕೃತದ ಸಮಾಸಗಳಿಗೆ ಇಳಿಸಿದ ಮಾತ್ರಕ್ಕೆ ಮಾಡಿನ ಮೇಲಿರುವವನಿಗೂ ಕೆಳಗೆ ನಕ್ಷೆ ಹಿಡಿದು ನಿಂತವನಿಗೂ ಮಾತು ಬಂದೀತೆಂದು ನನಗೆ ಧೈರ್ಯವಿಲ್ಲ. ಹೆಂಚಿಗೆ ಕುಂಬಾರನ ಮಣ್ಣು ಬೇಕಾದಂತೆ ಪರಿಭಾಷೆಗೂ ಕಸಬಿನ ಮಾತು ಬೇಕು. ಅಚ್ಚು ಎಲ್ಲಿಯದಾದರೂ ಚಿಂತೆಯಿಲ್ಲ.

ವಿಮರ್ಶಕನು ದೋಷ ಹೇಳಿ ಕೈತೊಳೆದುಕೊಳ್ಳಬಾರದೆಂದು ಕೇಳುವವರಿಗಾಗಿ ಒಂದೇ ಒಂದು ಸೂಚನೆಯನ್ನು ಮಾಡುತ್ತೇನೆ. ಕಟ್ಟಡ ಸಾಮಗ್ರಿಗಳ ಮೌಖಿಕ ಪರೀಕ್ಷೆಯನ್ನು ಕೊಠಡಿಯಿಂದ ಕೆಲಸ ನಡೆಯುವ ಒಂದು ಮನೆಯ ಅಂಗಳಕ್ಕೆ ತರಬೇಕು, ಪರೀಕ್ಷಕರಲ್ಲಿ ಒಬ್ಬನು ಮೇಸ್ತ್ರಿಯಾಗಿರಬೇಕು. ವಿದ್ಯಾರ್ಥಿ ಅವನಿಗೆ ತಿಳಿಯುವ ಮಾತಿನಲ್ಲಿ, ಕನ್ನಡವಾಗಲಿ ತುಳುವಾಗಲಿ, ತೊಲೆಯ ಭಾರವನ್ನು ವಿವರಿಸಲಿ. ಅವನು ಕೊಟ್ಟ ಹತ್ತು ಹೆಂಚುಗಳಲ್ಲಿ ದನಿಯಿಲ್ಲದ್ದನ್ನು ಹುಡುಕಿ ತೆಗೆಯಲಿ. ಪದವಿಯಿಲ್ಲದವನು ಪರೀಕ್ಷಕನಾಗುವುದು ಹೇಗೆಂದು ನಿಯಮಜ್ಞರು ಕೇಳುವರು. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಭಾಗವತಿಕೆ, ಹೆಜ್ಜೆಗಾರಿಕೆ ಕಲಿಸಿದ ಗುರುಗಳ ಪದವಿಯನ್ನು ಯಾರೂ ಕೇಳಲಿಲ್ಲ. ಅಷ್ಟೇ ಅಲ್ಲ, ವಿಶ್ವವಿದ್ಯಾಲಯ ಅನುದಾನ ಆಯೋಗವೇ ೨೦೨೨ರಲ್ಲಿ, ವೃತ್ತಿಯಲ್ಲಿ ಪರಿಣತನಾದವನನ್ನು ವಿದ್ಯಾರ್ಹತೆಯ ಪತ್ರಗಳನ್ನು ಕೇಳದೆ ಪ್ರಾಧ್ಯಾಪಕನ ಪೀಠಕ್ಕೆ ಕರೆಯಬಹುದೆಂದು ಮಾರ್ಗಸೂಚಿ ಹೊರಡಿಸಿದೆ. ಹದಿನೈದು ವರ್ಷಗಳ ಅನುಭವವಿರಬೇಕು, ಅದೂ ಮೇಲಿನ ಸ್ಥಾನದಲ್ಲಿ ಎಂಬುದು ಅದರ ನಿಬಂಧನೆ. ನಲವತ್ತು ವರ್ಷ ಮಾಡಿನ ಮೇಲೆ ಕುಳಿತವನಿಗಿಂತ ಮೇಲಿನ ಸ್ಥಾನದವನನ್ನು ಎಲ್ಲಿಂದ ತರೋಣ?

ಹೊಳೆದಂಡೆಯ ಹೆಂಚಿನ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿಹೋಗಿವೆ. ಅಲ್ಲಿ ಬೆಂಕಿಯ ಬಣ್ಣ ನೋಡುತ್ತಿದ್ದವರು ಮುದುಕರಾಗಿದ್ದಾರೆ. ನಮ್ಮ ಮೇಸ್ತ್ರಿಗೂ ಈ ಕಸಬಿಗೆ ಹಿಂದೆ ಯಾರೂ ಇಲ್ಲ, ಮಗ ಗಲ್ಫಿನಲ್ಲಿದ್ದಾನೆ. ಆ ವರ್ಷ ನಮ್ಮ ಮಾಡಿನ ಕೆಲಸ ಪತ್ತನಾಜೆಗೆ ಎರಡು ದಿನ ಇರುವಾಗ ಮುಗಿಯಿತು. ತೊಟ್ಟಿಯನ್ನು ತೊಲೆಯ ಮೇಲಿಡದೆ ಹೊರಗೆ ಮುರಕಲ್ಲಿನ ಕಟ್ಟೆಯೊಂದನ್ನು ಎಬ್ಬಿಸಿ ಅದರ ಮೇಲೆ ಇಟ್ಟರು. ದನಿಯಿಲ್ಲದ ಹೆಂಚುಗಳು ಒಟ್ಟಿಗೆ ನಲವತ್ತೊಂದಾದವು. ಕೊನೆಯ ಹನ್ನೆರಡನ್ನು ತಟ್ಟಿ ತೆಗೆದವನು ಹುಡುಗ; ಅವುಗಳಲ್ಲಿ ಮೂರನ್ನು ಮೇಸ್ತ್ರಿ ಮತ್ತೆ ತಟ್ಟಿ ನೋಡಿ ಒಳ್ಳೆಯವುಗಳ ರಾಶಿಗೆ ತಿರುಗಿ ಇಟ್ಟ.